ಬೆಳ್ಳಿಗೆ ರಾಗಿ ಬ್ರೆಡ್ಡು

ಮೊನ್ನೆ ಪಕ್ಕದ ಮನೆಯವರು ಕಾಂಪೌಂಡಿನ ಆಚೆಯಿಂದಲೇ ಕೇಳಿದರು, "ಏನ್ರೀ, ಘಮ್ ಅಂತಿದೆ, ಯಾರ ಹುಟ್ಟುಹಬ್ಬ ಇವತ್ತು?" ಹುಟ್ಟುಹಬ್ಬ ಯಾರದ್ದೂ ಅಲ್ಲ, ಬೆಳ್ಳಿಗೆ ಬ್ರೆಡ್ ಮಾಡ್ತಿದೀನಿ ಅಂದೆ. ಅವರಿಗೆ ಒಂದು ಕ್ಷಣ ಏನು ಹೇಳಬೇಕೋ ತೋಚಲಿಲ್ಲ. "ನಾಯಿಗೆ ಇಷ್ಟೆಲ್ಲಾ ಯಾಕ್ರೀ? ಬೇಕರಿಯಿಂದ ಎರಡು ಬನ್ ತಂದು ಹಾಕಿದ್ರೆ ಆಗಲ್ವಾ?"

ಆಗಲ್ಲ. ಒಲೆ ಮೇಲೆ ಹಾಲಿಟ್ಟಿದ್ದೆ, ಅಲ್ಲಿ ನಿಂತು ವಿವರಿಸುವುದಕ್ಕೆ ಆಗಲಿಲ್ಲ. ಅದಕ್ಕೇ ಇಲ್ಲಿ ಬರೆಯುತ್ತಿದ್ದೇನೆ.

ಬೇಕರಿಯ ಮೇಲೆ ನನಗೆ ಯಾವ ಸಿಟ್ಟೂ ಇಲ್ಲ. ನಾನು ಹಾಸನದವಳು. ಬೆಂಗಳೂರಿನ ಅಯ್ಯಂಗಾರ್ ಬೇಕರಿಗಳಲ್ಲಿ ಎಷ್ಟೋ ನಮ್ಮ ಜಿಲ್ಲೆಯಿಂದ ಹೋದವರು ಕಟ್ಟಿದ್ದು ಅನ್ನುವುದು ನಮಗೆಲ್ಲ ಹೆಮ್ಮೆಯ ವಿಷಯ. ಖಾರಾ ಬನ್, ಬೆಣ್ಣೆ ಬಿಸ್ಕತ್ತು, ದಿಲ್‌ಪಸಂದ್ ತಿಂದುಕೊಂಡೇ ಬೆಳೆದವರು ನಾವು. ಆದರೆ ಅವೆಲ್ಲ ಮನುಷ್ಯರ ನಾಲಿಗೆಗೆ ಮಾಡಿದ ತಿಂಡಿ. ಖಾರಾ ಬನ್ನಿನಲ್ಲಿ ಈರುಳ್ಳಿ ಇರುತ್ತದೆ. ಈರುಳ್ಳಿ, ಬೆಳ್ಳುಳ್ಳಿ ಹಸಿಯಿರಲಿ ಬೆಂದಿರಲಿ, ನಾಯಿಯ ರಕ್ತದ ಕೆಂಪು ಕಣಗಳನ್ನು ಒಡೆದುಹಾಕುತ್ತವೆ. ತಿಂದ ದಿನ ಏನೂ ಕಾಣಿಸುವುದಿಲ್ಲ, ನಾಲ್ಕಾರು ದಿನ ಕಳೆದು ಒಸಡು ಬಿಳಿಚಿಕೊಂಡಾಗ ಗೊತ್ತಾಗುತ್ತದೆ. ಪ್ಲಮ್ ಕೇಕಿನ ಒಣದ್ರಾಕ್ಷಿ ಕಿಡ್ನಿಗೆ ಕುತ್ತು. ಇಷ್ಟು ತಿಂದರೆ ಪರವಾಗಿಲ್ಲ ಅನ್ನುವ ಲೆಕ್ಕ ಅದಕ್ಕಿಲ್ಲ, ಒಂದು ನಾಯಿ ದಕ್ಕಿಸಿಕೊಂಡದ್ದು ಇನ್ನೊಂದರ ಜೀವಕ್ಕೇ ಬರಬಹುದು. ಚಾಕೊಲೇಟ್ ಕೊಡಬಾರದು ಅಂತ ಈಗ ಮಕ್ಕಳಿಗೂ ಗೊತ್ತು. ಆದರೆ ಶುಗರ್‌ಫ್ರೀ ಚೂಯಿಂಗ್ ಗಮ್ಮು, ಮಿಠಾಯಿಗಳಿಗೆ ಹಾಕುವ ಜೈಲಿಟಾಲ್ ಅದಕ್ಕಿಂತ ಬೇಗ ಕೆಲಸ ಮಾಡುತ್ತದೆ ಅನ್ನುವುದು ಎಷ್ಟೋ ಜನರಿಗೆ ಗೊತ್ತಿಲ್ಲ. ನಾಯಿಯ ಮೈಯಲ್ಲಿ ಅದು ಇನ್ಸುಲಿನ್ ಉಕ್ಕಿಸಿ, ಅರ್ಧ ಗಂಟೆ ಒಂದು ಗಂಟೆಯೊಳಗೆ ರಕ್ತದ ಸಕ್ಕರೆಯನ್ನು ಪಾತಾಳಕ್ಕೆ ಇಳಿಸಬಲ್ಲದು. ಸಕ್ಕರೆ ಕಾಯಿಲೆ ಇರುವವರ ಮನೆಯಲ್ಲಿ ಮೇಜಿನ ಮೇಲೆ ಕೈಗೆಟುಕುವ ಹಾಗೆ ಬಿದ್ದಿರುತ್ತದೆ, ದಯವಿಟ್ಟು ಎತ್ತಿಡಿ.

ಇನ್ನು "ನಾಯಿ ಮಾಂಸ ತಿನ್ನೋ ಪ್ರಾಣಿ, ಅದಕ್ಕೆ ಹಿಟ್ಟಿನ ಪದಾರ್ಥ ಯಾಕೆ" ಅನ್ನುವವರೂ ಇದ್ದಾರೆ. 2013ರಲ್ಲಿ ಸ್ವೀಡನ್ನಿನ ಉಪ್ಸಾಲಾ ವಿಶ್ವವಿದ್ಯಾಲಯದವರು ನಾಯಿ ಮತ್ತು ತೋಳದ ಜೀನುಗಳನ್ನು ಪಕ್ಕಪಕ್ಕ ಇಟ್ಟು ನೋಡಿದರು. ಪಿಷ್ಟ ಅರಗಿಸುವ ಅಮೈಲೇಸ್ ಕಿಣ್ವದ ಜೀನು ತೋಳದಲ್ಲಿ ಎರಡೇ ಪ್ರತಿ, ನಾಯಿಯಲ್ಲಿ ಅದರ ಎಷ್ಟೋ ಪಟ್ಟು. ಮನುಷ್ಯನ ಅಡುಗೆಮನೆ ಬಾಗಿಲಲ್ಲಿ ಸಾವಿರಾರು ವರ್ಷ ಕೂತು ಬಂದ ಪ್ರಾಣಿ ಅದು, ನಮ್ಮ ಊಟಕ್ಕೆ ಒಗ್ಗಿಕೊಂಡೇ ನಾಯಿಯಾಗಿದೆ.

ಇದನ್ನು ಓದಿದಾಗ ನನಗೆ ಚನ್ನರಾಯಪಟ್ಟಣದ ಕಡೆಯ ನಮ್ಮಜ್ಜಿ ನೆನಪಾದಳು. ಮುದ್ದೆ ಕಟ್ಟಿ ಎಲ್ಲರಿಗೂ ಬಡಿಸಿದ ಮೇಲೆ ಮಡಕೆಯ ತಳದಲ್ಲಿ ಹಿಡಿದ ಸೀಕನ್ನು ಕೆರೆದು, ಒಂದು ಹಿಡಿ ಮುದ್ದೆಯ ಜೊತೆ ಮಜ್ಜಿಗೆಯಲ್ಲಿ ಕಿವುಚಿ ಹಿತ್ತಲ ಕಲ್ಲಿಗೆ ಸುರಿಯುತ್ತಿದ್ದಳು. "ಮೊದ್ಲು ಅದಕ್ಕೆ ಹಾಕ್ಬಾ ಕಣವ್ವ, ರಾತ್ರಿಯೆಲ್ಲ ಎದ್ದಿರೋದು ಅದು" ಅನ್ನುತ್ತಿದ್ದಳು. ಆ ನಾಯಿಗಳು ಕಬ್ಬಿಣದ ಹಾಗಿದ್ದವು. ಕೆಲವು ಸಲ ಉಳಿದ ಸಾರನ್ನೂ ಹಾಕುತ್ತಿದ್ದಳು. ಆ ಸಾರಿನಲ್ಲಿ ಈರುಳ್ಳಿ, ಬೆಳ್ಳುಳ್ಳಿ ಇರುತ್ತಿತ್ತು. ಅದನ್ನು ಮಾತ್ರ ನಾನು ಮಾಡುವುದಿಲ್ಲ.

ಹಾಗಂತ ನಾನೇನೂ ಎಲ್ಲ ತಿಳಿದು ಶುರು ಮಾಡಿದವಳಲ್ಲ. ಹೋದ ವರ್ಷ ಮಗ ಹಾಸ್ಟೆಲಿನಿಂದ ಬಂದಿದ್ದ, ಪಾವ್ ಮಾಡೋಣ ಅಂತ ಮೈದಾಗೆ ಈಸ್ಟ್ ಹಾಕಿ ಕಲಸಿ, ಒದ್ದೆ ಬಟ್ಟೆ ಮುಚ್ಚಿ ಒಲೆಕಟ್ಟೆಯ ಪಕ್ಕದ ಸ್ಟೂಲಿನ ಮೇಲೆ ಇಟ್ಟಿದ್ದೆ. ಬಟ್ಟೆ ಒಗೆದು ಹಾಕಿ ಬರುವಷ್ಟರಲ್ಲಿ ಪಾತ್ರೆ ನೆಲದ ಮೇಲಿತ್ತು, ಅರ್ಧದಷ್ಟು ಹಿಟ್ಟು ಇರಲಿಲ್ಲ. ಹಿಟ್ಟು ತಾನೇ, ಏನಾಗುತ್ತೆ ಅಂದುಕೊಂಡೆ. ಒಂದು ಗಂಟೆಯಲ್ಲಿ ಬೆಳ್ಳಿಯ ಹೊಟ್ಟೆ ತಮಟೆಯ ಹಾಗೆ ಬಿಗಿದುಕೊಂಡಿತು. ವಾಂತಿ ಮಾಡಲು ಕತ್ತು ಚಾಚುತ್ತಾಳೆ, ಏನೂ ಬರುವುದಿಲ್ಲ. ಹಿಂಗಾಲು ಒಂದಕ್ಕೊಂದು ತೊಡರಿ ಕುಡಿದವರ ಹಾಗೆ ವಾಲಾಡಿ ಗೋಡೆಗೆ ಒರಗಿದಳು. ಆಟೋದಲ್ಲಿ ಮಡಿಲಲ್ಲಿ ಮಲಗಿಸಿಕೊಂಡು ಓಡಿದೆವು. ಡಾಕ್ಟರು ವಿವರಿಸಿದರು: ನಾಯಿಯ ಹೊಟ್ಟೆಯ ಬಿಸಿಯಲ್ಲಿ ಹಸಿ ಹಿಟ್ಟು ಇನ್ನೂ ಉಬ್ಬುತ್ತಲೇ ಹೋಗುತ್ತದೆ, ಗ್ಯಾಸು ತುಂಬುತ್ತದೆ, ಈಸ್ಟ್ ಬಿಡುವ ಮದ್ಯಸಾರ ರಕ್ತಕ್ಕೆ ಸೇರುತ್ತದೆ. ಆ ವಾಲಾಟ ನಿಜವಾಗಿಯೂ ಅಮಲೇ. ರಾತ್ರಿಯಿಡೀ ಡ್ರಿಪ್ ಹಾಕಿದರು. ಬೆಳಗಿನ ಜಾವ ಬಾಲದ ತುದಿ ಒಂದು ಸಲ ಅಲ್ಲಾಡಿಸಿದಳು. ಅಲ್ಲಿಯವರೆಗೂ ನಮ್ಮ ಮನೆಯವರು ಒಂದು ಮಾತೂ ಆಡಿರಲಿಲ್ಲ.

ಪೂರ್ತಿ ಬೆಂದ ಬ್ರೆಡ್ಡಿನಲ್ಲಿ ಈಸ್ಟ್ ಸತ್ತಿರುತ್ತದೆ, ಆ ಭಯ ಇರುವುದಿಲ್ಲ. ಆದರೂ ಬೆಳ್ಳಿಯ ಬ್ರೆಡ್ಡಿಗೆ ನಾನು ಈಸ್ಟ್ ಮುಟ್ಟುವುದಿಲ್ಲ, ಬೇಕಿಂಗ್ ಪೌಡರೂ ಇಲ್ಲ. ನಾಯಿಗೆ ಬ್ರೆಡ್ ಹತ್ತಿಯ ಹಾಗೆ ಉಬ್ಬಿರಬೇಕಾಗಿಲ್ಲ. ಒಂದೂವರೆ ಲೋಟ ರಾಗಿ ಹಿಟ್ಟು, ಒಂದು ಲೋಟ ಗೋಧಿ ಹಿಟ್ಟು. ರಾಗಿಯಲ್ಲಿ ಗ್ಲುಟೆನ್ ಇಲ್ಲ, ಬರೀ ರಾಗಿಯಾದರೆ ಪುಡಿಪುಡಿಯಾಗಿ ಉದುರುತ್ತದೆ, ಅದಕ್ಕೆ ಗೋಧಿ. ಬೇಯಿಸಿ ಹಿಸುಕಿದ ಸಿಹಿಗುಂಬಳ ಒಂದು ಲೋಟ, ಒಂದು ಮೊಟ್ಟೆ, ಒಂದು ಚಮಚ ಎಣ್ಣೆ. ಉಪ್ಪು, ಸಕ್ಕರೆ, ಬೆಲ್ಲ ಯಾವುದೂ ಬೇಡ. ಕುಂಬಳ ಸಿಗದಿದ್ದರೆ ಗೆಣಸು, ಇಲ್ಲವೇ ನಮ್ಮೂರ ಆಲೂಗಡ್ಡೆ. ಆಲೂಗಡ್ಡೆಯಾದರೆ ಹಸಿರು ತಿರುಗಿದ್ದು, ಮೊಳಕೆ ಬಂದದ್ದು ಬೇಡ, ಅದರಲ್ಲಿ ಸೋಲನಿನ್ ಅನ್ನುವ ವಿಷ ಇರುತ್ತದೆ. ಹೆಬ್ಬೆರಳು ಒತ್ತಿದರೆ ಗುರುತು ಉಳಿಯುವ ಹದಕ್ಕೆ ಕಲಸಿ, ಎರಡು ಬೆರಳು ದಪ್ಪ ತಟ್ಟಿ, ಓವನ್ನಿನಲ್ಲಿ 180 ಡಿಗ್ರಿಗೆ 40 ನಿಮಿಷ. ಆರಿದ ಮೇಲೆ ಸಣ್ಣ ಚೌಕ ಕತ್ತರಿಸಿ, 120 ಡಿಗ್ರಿಯಲ್ಲಿ ಇನ್ನೊಂದು ಗಂಟೆ ಒಣಗಿಸುತ್ತೇನೆ, ರಸ್ಕಿನ ಹಾಗೆ ಕಟುಂ ಅನ್ನಬೇಕು. 100 ಗ್ರಾಂ ರಾಗಿಯಲ್ಲಿ 300 ಮಿಲಿಗ್ರಾಂಗೂ ಹೆಚ್ಚು ಕ್ಯಾಲ್ಸಿಯಂ ಇದೆ, ಆದರೆ ಅದಿದೆ ಅಂತ ಇದನ್ನೇ ಊಟ ಮಾಡಿಬಿಡಬೇಡಿ. ದಿನದ ಕ್ಯಾಲೊರಿಯಲ್ಲಿ ತಿಂಡಿಯ ಪಾಲು ನೂರಕ್ಕೆ ಹತ್ತು ದಾಟಬಾರದು ಅನ್ನುತ್ತಾರೆ ಪಶುವೈದ್ಯರು. ಹದಿನೈದು ಕೆ.ಜಿ. ತೂಕದ ಬೆಳ್ಳಿಗೆ ದಿನಕ್ಕೆ ಸುಮಾರು 800 ಕ್ಯಾಲೊರಿ ಬೇಕು, ಹಾಗಾಗಿ ಎರಡು ಅಥವಾ ಮೂರು ಚೂರು, ಅಷ್ಟೇ. ಕಿಡ್ನಿ ತೊಂದರೆ, ಮೂತ್ರದ ಕಲ್ಲು ಇರುವ ನಾಯಿಯಾದರೆ ಡಾಕ್ಟರನ್ನು ಕೇಳದೆ ಕೊಡಬೇಡಿ.

ಈ ಜಡಿಮಳೆ ದಿನಗಳಲ್ಲಿ ಇನ್ನೊಂದು ವಿಷಯ ನನಗೆ ತಡೆಯಲಾಗುವುದಿಲ್ಲ. ಬೂಷ್ಟು ಹಿಡಿದ ಬ್ರೆಡ್ಡನ್ನು ಕವರಿನ ಸಮೇತ ಬೀದಿಗೆ ಎಸೆದು "ನಾಯಿ ತಿನ್ಕೊಳ್ಳುತ್ತೆ ಬಿಡು" ಅನ್ನುತ್ತೇವಲ್ಲ, ಅದು ದಾನವಲ್ಲ. ಕೆಲವು ಬೂಷ್ಟಿನ ವಿಷಕ್ಕೆ ನಾಯಿಗೆ ಮೈಯೆಲ್ಲ ನಡುಕ ಹತ್ತಿ ಫಿಟ್ಸ್ ಬರುತ್ತದೆ. ನಮಗೆ ತಿನ್ನಲಾಗದ್ದು ಅದಕ್ಕೂ ಬೇಡ. ನನ್ನ ಒಣ ಚೂರುಗಳನ್ನೂ ಮಳೆಗಾಲದಲ್ಲಿ ಡಬ್ಬಿಯಲ್ಲಿ ನಾಲ್ಕು ದಿನಕ್ಕಿಂತ ಹೆಚ್ಚು ಇಡುವುದಿಲ್ಲ, ಮಿಕ್ಕಿದ್ದು ಫ್ರೀಜರಿಗೆ.

ಬೀದಿ ಕೊನೆಯ ನಾಯಿಗಳಿಗೂ ಇದನ್ನೇ ಒಯ್ದೆ. ಮೂರು ದಿನ ಮೂಸಿ ನೋಡಿ ಬಿಟ್ಟು ಹೋದವು, ಸಿಹಿ ಬನ್ನಿನ ರುಚಿ ಹತ್ತಿತ್ತಲ್ಲ. ನಾಲ್ಕನೇ ದಿನ ಒಂದು ಮುದಿ ಕಂದು ನಾಯಿ ಒಂದು ಚೂರು ಕಚ್ಚಿಕೊಂಡು ಮೋರಿ ಕಲ್ಲಿನ ಮೇಲೆ ಹೋಗಿ ಮಲಗಿ, ಮುಂಗಾಲ ನಡುವೆ ಇಟ್ಟುಕೊಂಡು ತುಂಬಾ ಹೊತ್ತು ನೆಕ್ಕಿತು. ಈಗ ಬೆಳಿಗ್ಗೆ ಆರೂವರೆಗೆ ನಮ್ಮ ಗೇಟಿನ ಹತ್ತಿರ ಬಂದು ಕೂರುತ್ತದೆ. ಅದಕ್ಕೆ ಹಲ್ಲು ನಾಲ್ಕೋ ಐದೋ ಉಳಿದಿವೆ. ಹಾಗಾಗಿ ಅದರ ಪಾಲಿನದನ್ನು ಎರಡನೇ ಸಲ ಒಣಗಿಸದೆ ಮೆತ್ತಗೇ ಎತ್ತಿಟ್ಟಿರುತ್ತೇನೆ.