ಸುಡೋ ಎಂಬ ಸುಡುಗಾಡು

ಕಳೆದ ಶನಿವಾರ ಮಧ್ಯಾಹ್ನ, ಸೋಮವಾರದ ಪ್ರಾಯೋಗಿಕ ಪರೀಕ್ಷೆಗೆ ಬೇಕಾದ ತಂತ್ರಾಂಶಗಳನ್ನು ನಮ್ಮ ಲ್ಯಾಬಿನ ಉಬುಂಟು ಎಂಬ ಕಾರ್ಯಾಚರಣೆ ವ್ಯವಸ್ಥೆಯಿರುವ 30 ಕಂಪ್ಯೂಟರುಗಳಿಗೂ ತಾನಾಗಿಯೇ ಹಾಕುವಂಥ ಒಂದು ಶೆಲ್ ಸ್ಕ್ರಿಪ್ಟ್, ಅಂದರೆ ಆಜ್ಞೆಗಳ ಪಟ್ಟಿ, ಬರೆದು, ಓಡಲು ಬಿಟ್ಟು, ಕುಕ್ಕರಹಳ್ಳಿ ಕೆರೆಯನ್ನು ನೆಮ್ಮದಿಯಿಂದ ಒಂದು ಸುತ್ತು ಹಾಕಿ ಬಂದೆ. ಬಂದು ನೋಡಿದರೆ 30 ಪರದೆಗಳೂ ಪಾಸ್‌ವರ್ಡ್ ಕೇಳುತ್ತ, ಎಲೆ ಹಾಕಿಸಿಕೊಂಡು ಅನ್ನಕ್ಕೆ ಕಾಯುವ ಎರಡನೆಯ ಪಂಕ್ತಿಯವರ ಹಾಗೆ ಸಾಲಾಗಿ ಕುಳಿತಿದ್ದವು.

ಇದು ಸುಡೋ ಎಂಬ ಆಜ್ಞೆಯ ಕೆಲಸ. ತಂತ್ರಾಂಶ ಹಾಕುವಂಥ ಯಜಮಾನಿಕೆಯ ಆಜ್ಞೆಗಳ ಮುಂದೆ ಇದನ್ನು ಬರೆಯಬೇಕು, ಪಾಸ್‌ವರ್ಡ್ ಕೇಳಿಯೇ ಅದು ಅಪ್ಪಣೆ ಕೊಡುವುದು. 1980ರ ಸುಮಾರಿಗೆ ಅಮೆರಿಕದ ಬಫಲೋದಲ್ಲಿ ಹುಟ್ಟಿದ್ದಂತೆ. ಎಮ್ಮೆಯ ಹೆಸರಿನ ಊರಿನದಾದ್ದರಿಂದಲೋ ಏನೋ, ಒಮ್ಮೆ ನಿಂತರೆ ಕದಲುವುದಿಲ್ಲ. ಉಬುಂಟುವಿನಲ್ಲಿ ಒಮ್ಮೆ ಕೊಟ್ಟ ಪಾಸ್‌ವರ್ಡನ್ನು ಅದು 15 ನಿಮಿಷ ಮಾತ್ರ ಮಾನ್ಯಮಾಡುತ್ತದೆ. ಒಂದೇ ಇಂಟರ್‌ನೆಟ್ ಸಂಪರ್ಕವನ್ನು 30 ಯಂತ್ರಗಳು ಹಂಚಿಕೊಂಡು ಮೊದಲ ತಂತ್ರಾಂಶವನ್ನು ಇಳಿಸಿಕೊಳ್ಳುವುದರೊಳಗೆ ಆ ಗಡುವು ಮುಗಿದಿತ್ತು.

ಪಾಸ್‌ವರ್ಡ್ ಇರುವುದು ನನ್ನ ಬಳಿಯಲ್ಲ, ಲ್ಯಾಬಿನ ಹಿರಿಯ ಸಹಾಯಕರಾದ ರಾಯರ ಬಳಿ. "ಹಿಂದಿನ ಪ್ರಿನ್ಸಿಪಾಲರು ನನ್ನನ್ನ ನಂಬಿ ಕೊಟ್ಟಿದ್ದು" ಎನ್ನುವ ಅವರು ಅದನ್ನು ಯಾರಿಗೂ ಹೇಳುವುದಿಲ್ಲ, ತಾವೇ ಬಂದು ಒತ್ತುತ್ತಾರೆ. ಮೊದಲು ಕನ್ನಡಕ ಒರೆಸಿಕೊಳ್ಳುತ್ತಾರೆ. ಬಳಿಕ, "ಸ್ವಲ್ಪ ಆ ಕಡೆ ತಿರುಗ್ಕೊಳಿ ಮೇಷ್ಟ್ರೇ" ಎಂದು ನನ್ನನ್ನು ಕಿಟಕಿಯ ಕಡೆಗೆ ತಿರುಗಿಸಿ, ಬಲಗೈಯ ತೋರುಬೆರಳೊಂದರಿಂದ ಅಕ್ಷರಗಳನ್ನು ಹುಡುಕಿ ಹುಡುಕಿ ಕುಟ್ಟುತ್ತಾರೆ. ಸುಡೋ ನಮ್ಮ ಯಂತ್ರಗಳಲ್ಲಿ ಅಕ್ಷರವಿರಲಿ, ಒಂದು ಚುಕ್ಕಿಯನ್ನೂ ಮೂಡಿಸುವುದಿಲ್ಲ. ಆದ್ದರಿಂದ ಪ್ರತಿ ಸಲವೂ ರಾಯರಿಗೆ ಕೀಲಿಮಣೆ ಕೆಟ್ಟಿದೆ ಎಂಬ ಅನುಮಾನ ಹುಟ್ಟಿ, ಅದೇ ಅಕ್ಷರವನ್ನು ಇನ್ನೊಮ್ಮೆ, ಇನ್ನೂ ಬಲವಾಗಿ ಒತ್ತುತ್ತಾರೆ. ಮೂರು ಸಲ ತಪ್ಪಿದರೆ ಸುಡೋ ಕೈಚೆಲ್ಲುತ್ತದೆ. ನಾನು ಕಿಟಕಿಯಿಂದ ಬಂದು ಸ್ಕ್ರಿಪ್ಟನ್ನು ಮೊದಲಿನಿಂದ ಓಡಿಸಿ, ಮತ್ತೆ ಕಿಟಕಿಗೆ ಮುಖ ಮಾಡಬೇಕು.

ಪಾಸ್‌ವರ್ಡನ್ನು ಸ್ಕ್ರಿಪ್ಟಿನಲ್ಲಿಯೇ ಬರೆದುಬಿಡಬಹುದು, ಆದರೆ ಅದು ಬೀಗದ ಕೈಯನ್ನು ಬಾಗಿಲಿಗೇ ನೇತುಹಾಕಿದಂತೆ. ವಿದ್ಯಾರ್ಥಿಗಳು ಪಾಠ ಬಿಟ್ಟು ಅದೊಂದನ್ನೇ ಶ್ರದ್ಧೆಯಿಂದ ಓದಿಯಾರು. ಸುಡೋಯರ್ಸ್ ಎಂಬ ಕಡತದಲ್ಲಿ ಇಂಥ ಆಜ್ಞೆಗೆ ಪಾಸ್‌ವರ್ಡ್ ಬೇಡವೆಂದು ವಿನಾಯಿತಿ ಬರೆಯುವ ದಾರಿಯೂ ಉಂಟು. ಆ ಕಡತವನ್ನು ತೆರೆಯಲು ಪಾಸ್‌ವರ್ಡ್ ಬೇಕು.

ರಾತ್ರಿ ಎಂಟಾಯಿತು. ಈ ತಿಂಗಳ ಕೊನೆಗೆ ರಾಯರು ನಿವೃತ್ತರಾಗುತ್ತಾರೆ. ಆಮೇಲೆ ಪಾಸ್‌ವರ್ಡ್ ನನ್ನ ಕೈಗೆ ಬರುತ್ತದೆ, ಕಿಟಕಿಯ ಕಡೆ ತಿರುಗು ಎನ್ನುವವರು ಇರುವುದಿಲ್ಲ. ಚಾಮುಂಡಿ ಬೆಟ್ಟದ ದೀಪಗಳನ್ನು ನೋಡುತ್ತ, ಬೆನ್ನ ಹಿಂದಿನ ಟಕ್ ಟಕ್ ಸದ್ದನ್ನು ಕೇಳುತ್ತ, 17ನೆಯ ಕಂಪ್ಯೂಟರಿನ ಬಳಿ ನಿಂತಿದ್ದಾಗ, ಒಂದೊಂದು ಆಜ್ಞೆಗೂ ಒಂದೊಂದು ಸುಡೋ ಬರೆಯುವ ಬದಲು ಇಡೀ ಸ್ಕ್ರಿಪ್ಟನ್ನೇ ಒಂದು ಸುಡೋದ ಅಡಿಯಲ್ಲಿ ಓಡಿಸಿದ್ದರೆ ಅದು ಎರಡನೆಯ ಸಲ ಕೇಳುತ್ತಲೇ ಇರಲಿಲ್ಲವೆಂಬುದು ನನಗೆ ಹೊಳೆಯಿತು.

"ಮುಂದಿನದು?" ಎಂದರು ರಾಯರು, ಕನ್ನಡಕ ಒರೆಸಿಕೊಳ್ಳುತ್ತ. ನಾನು ಏನೂ ಹೇಳದೆ 18ನೆಯದನ್ನು ತೋರಿಸಿ ಕಿಟಕಿಯ ಕಡೆಗೆ ತಿರುಗಿಕೊಂಡೆ.