ಎರಡು ಮೊಳೆ, ಒಂದು ಹಲಗೆ

ನಾನು ಬಾಡಿಗೆಗಿರುವ ಮನೆಯ ಕರಾರುಪತ್ರದಲ್ಲಿ, ಮುಂಗಡದ ಮೊತ್ತಕ್ಕೂ ಸುಣ್ಣಬಣ್ಣದ ಖರ್ಚಿಗೂ ನಡುವೆ, ‘ಗೋಡೆಗಳಿಗೆ ಮೊಳೆ ಹೊಡೆಯತಕ್ಕದ್ದಲ್ಲ’ ಎಂಬ ಒಂದು ಸಾಲಿದೆ. ಆ ಸಾಲಿಗೆ ತಲೆಬಾಗಿ ನಾಲ್ಕು ವರ್ಷಗಳಿಂದ ಕ್ಯಾಲೆಂಡರನ್ನು ಫ್ರಿಜ್ಜಿನ ಮೇಲೆ ಒರಗಿಸಿಟ್ಟಿದ್ದೇನೆ. ಫ್ಯಾನು ಜೋರಾದಾಗ ಅದು ಮಕಾಡೆ ಬೀಳುತ್ತದೆ, ಎತ್ತಿಡುತ್ತೇನೆ. ಅದರ ಸೇಡೋ ಏನೋ, ರಾತ್ರಿ ಊಟ ಮುಗಿದ ಮೇಲೆ ಕಂಪ್ಯೂಟರಿನ ಮುಂದೆ ಕುಳಿತು, ಅಮೆರಿಕದ ಕೆಂಟಕಿಯಲ್ಲಿರುವ ಯಾರದೋ ಮನೆಗೆ ಯಾರ ಅಪ್ಪಣೆಯನ್ನೂ ಕೇಳದೆ ಎಂಬತ್ತು ಮೊಳೆ ಹೊಡೆಯುತ್ತೇನೆ.

ಆಟದ ಹೆಸರು ಪ್ರಾಜೆಕ್ಟ್ ಜಾಂಬಾಯ್ಡ್. ದಿ ಇಂಡೀ ಸ್ಟೋನ್ ಎಂಬ ಬ್ರಿಟಿಷ್ ತಂಡವು ಇದನ್ನು 2013ರಲ್ಲಿ ಅರೆಬೆಂದ ಸ್ಥಿತಿಯಲ್ಲಿಯೇ, ಕಂಪ್ಯೂಟರ್ ಆಟಗಳನ್ನು ಮಾರುವ ಆನ್‌ಲೈನ್ ಅಂಗಡಿಯಾದ ಸ್ಟೀಮ್‌ನಲ್ಲಿ ಬಡಿಸಿತು. ಅಂದಿನಿಂದ ಅದು ಒಲೆಯ ಮೇಲೆಯೇ ಇದೆ, ಬೇಯುತ್ತಲೇ ಇದೆ. ಕತೆ ನಡೆಯುವುದು 1993ರ ಜುಲೈ ತಿಂಗಳಿನಲ್ಲಿ. ಒಹಾಯೊ ನದಿಯ ದಂಡೆಯ ವೆಸ್ಟ್ ಪಾಯಿಂಟ್, ಅದಕ್ಕಿಂತ ಬಹಳ ದೊಡ್ಡದಾದ ಲೂಯಿವಿಲ್ ಮುಂತಾದ ನಿಜವಾದ ಹೆಸರಿನ ಊರುಗಳ ಜೊತೆಗೆ ಕಲ್ಪನೆಯ ಊರುಗಳನ್ನೂ ಸೇರಿಸಿ ನಕ್ಷೆ ಮಾಡಿದ್ದಾರೆ. ಊರ ತುಂಬ ಜಾಂಬಿಗಳು, ಅಂದರೆ ಸತ್ತ ಮೇಲೂ ಎದ್ದು ನಡೆದಾಡುವ ಹೆಣಗಳು. ಅವು ಓಡುವುದಿಲ್ಲ, ಮದುವೆ ಊಟ ಜಾಸ್ತಿಯಾದವರಂತೆ ತೂರಾಡುತ್ತ ಬರುತ್ತವೆ. ಆದರೆ ಅವುಗಳಿಗೆ ಬೇಸರವೆಂಬುದು ಗೊತ್ತಿಲ್ಲ. ಪರಚಿದರೆ ನಮ್ಮನ್ನೂ ಜಾಂಬಿಯಾಗಿಸುವ ಸೋಂಕು ತಗಲುವ ಸಂಭವ ನೂರಕ್ಕೆ 7, ಚರ್ಮ ಹರಿದರೆ 25, ಕಚ್ಚಿದರೆ ಪೂರ್ತಿ 100. ಆಟ ಶುರುವಾಗುವ ಮೊದಲೇ ತೆರೆಯ ಮೇಲೆ, ನೀವು ಹೇಗೆ ಸತ್ತಿರಿ ಎಂಬುದರ ಕತೆ ಇದು ಎಂದು ಹೇಳಿಬಿಡುತ್ತಾರೆ. ಇಷ್ಟು ಸ್ಪಷ್ಟವಾಗಿ ಹೇಳಿದ ಮೇಲೂ ನಾವು ಮನೆ ಕಟ್ಟಲು ಹೊರಡುತ್ತೇವೆ.

ಕಟ್ಟುವುದೆಂದರೆ ಮೊದಲು ಹುಡುಕುವುದು. ಎರಡು ಅಂತಸ್ತಿನ ಮನೆಯಾಗಬೇಕು, ಊರಿನ ಅಂಚಿನಲ್ಲಿರಬೇಕು, ಹಿಂದೆ ಮರಗಳಿರಬೇಕು. ಮನೆಯೊಳಗೆ ಕಾಲಿಟ್ಟ ಕೂಡಲೇ ಮಾಡುವ ಕೆಲಸ ಕಿಟಕಿಗಳ ಪರದೆ ಎಳೆಯುವುದು, ಪರದೆಯಿಲ್ಲದ ಕಿಟಕಿಗೆ ಹಾಸಿಗೆಯ ಚಾದರ ಕಟ್ಟುವುದು; ಏಕೆಂದರೆ ಕಣ್ಣಿಗೆ ಬಿದ್ದರೆ ತಾನೇ ಅವು ಬರುವುದು. ಆಮೇಲೆ ಲೆಕ್ಕಾಚಾರ. ನಾನು ಆಡುವ 41ನೆಯ ಆವೃತ್ತಿಯಲ್ಲಿ ಒಂದು ಕಿಟಕಿಗೆ ಒಂದು ಬದಿಯಿಂದ ನಾಲ್ಕು ಹಲಗೆ ಹಿಡಿಯುತ್ತವೆ, ಒಂದು ಹಲಗೆಗೆ ಎರಡು ಮೊಳೆ. ಕೆಳಗಿನ ಅಂತಸ್ತಿನಲ್ಲಿ ಹತ್ತು ಕಿಟಕಿಗಳಿದ್ದರೆ ನಲವತ್ತು ಹಲಗೆ, ಎಂಬತ್ತು ಮೊಳೆ. ಒಂದು ದಿಮ್ಮಿಯನ್ನು ಗರಗಸದಿಂದ ಕೊಯ್ದರೆ ಮೂರು ಹಲಗೆ ಸಿಗುತ್ತವೆ. ಅಲ್ಲಿಗೆ ಹದಿನಾಲ್ಕು ದಿಮ್ಮಿ. ಕಾಡಿರುವುದರಿಂದ ಮರಕ್ಕೆ ಬರವಿಲ್ಲ, ಬರವಿರುವುದು ಮೊಳೆಗೆ. ಹಾಗಾಗಿ ಪಕ್ಕದ ಮನೆಗಳಿಗೆ ನುಗ್ಗಿ ಮೇಜು, ಕುರ್ಚಿ, ಪುಸ್ತಕದ ಕಪಾಟುಗಳನ್ನು ಬಿಚ್ಚಿ ಮೊಳೆ ಹೆಕ್ಕುವುದು ವಾರಗಟ್ಟಲೆ ನಡೆಯುತ್ತದೆ. ಬಂದೂಕು ಸಿಕ್ಕಾಗ ಆಗದಷ್ಟು ಸಂತೋಷ ನನಗೆ ಮೊಳೆಯ ಪೆಟ್ಟಿಗೆ ಸಿಕ್ಕಾಗ ಆಗಿದೆ.

ಈ ಕೆಲಸದಲ್ಲಿ ಎರಡು ವಿಪರ್ಯಾಸಗಳಿವೆ. ಮೊದಲನೆಯದು ಸಣ್ಣದು: ಹಲಗೆ ಬಡಿಯುವ ಸದ್ದಿಗೇ ಜಾಂಬಿಗಳು ಬರುತ್ತವೆ. ಮನೆಯನ್ನು ಭದ್ರ ಮಾಡುತ್ತಿದ್ದೇನೆ ಎಂದು ಬೀದಿಗೆಲ್ಲ ಸಾರುತ್ತ ಮನೆಯನ್ನು ಭದ್ರ ಮಾಡುವ ಪರಿ ಇದು.

ಎರಡನೆಯದು ನನ್ನನ್ನು ಬಹಳ ದಿನ ಕಾಡಿತು. ನಕ್ಷೆಯಲ್ಲಿ ಮೊದಲಿನಿಂದಲೇ ಇರುವ ಮನೆಗಳ ಗೋಡೆಗಳನ್ನು ಜಾಂಬಿಗಳು ಒಡೆಯಲಾರವು. ಬಾಗಿಲು ಮುರಿಯುತ್ತವೆ, ಕಿಟಕಿ ಒಡೆಯುತ್ತವೆ, ಆದರೆ ಗೋಡೆಯ ಗೊಡವೆಗೆ ಹೋಗುವುದಿಲ್ಲ. ನಾವೇ ಕೈಯಾರೆ ಕಟ್ಟಿದ ಗೋಡೆಯನ್ನು ಮಾತ್ರ ಬಡಿದು ಬಡಿದು ಉರುಳಿಸಬಲ್ಲವು. ಇದು ನನಗೆ ತಿಳಿದದ್ದು ತಡವಾಗಿ. ಮೊದಮೊದಲು ನಾನು ಬಯಲಿನಲ್ಲಿ ಮರದ ದಿಮ್ಮಿಗಳನ್ನು ನಿಲ್ಲಿಸಿ, ಚಿಂದಿ ಬಟ್ಟೆಯಿಂದ ಬಿಗಿದು, ಅಂಗಳದ ಸುತ್ತ ಕೋಟೆಯಂಥ ಪಾಗಾರ ಎಬ್ಬಿಸಿ, ಅದರ ಚಂದವನ್ನು ನಾನೇ ಸುತ್ತಿ ಬಂದು ನೋಡುತ್ತಿದ್ದೆ. ಒಂದು ರಾತ್ರಿ ಇಪ್ಪತ್ತು ಮೂವತ್ತು ಜಾಂಬಿಗಳು ಬಂದು ಒಂದೇ ಜಾಗಕ್ಕೆ ಮೈಯೊತ್ತಿ ನಿಂತವು. ಮೂರು ತಿಂಗಳ ಬೆವರು ಬೆಳಗಾಗುವುದರೊಳಗೆ ನೆಲಕ್ಕೆ ಒರಗಿತು. ಅದೇ ಅಂಗಳದ ಮೂಲೆಯಲ್ಲಿ, ಯಾರೋ ಎಂದೋ ಕಟ್ಟಿದ್ದ, ನಾನು ಲಕ್ಷ್ಯವನ್ನೇ ಕೊಡದಿದ್ದ ಒಂದು ತಗಡಿನ ಶೆಡ್ಡು ಮಾತ್ರ ಏನೂ ಆಗದವರಂತೆ ನಿಂತಿತ್ತು. ಅಂದಿನಿಂದ ನಾನು ಕಟ್ಟುವುದನ್ನು ಕಡಿಮೆ ಮಾಡಿ ಒಡೆಯುವುದನ್ನು ಕಲಿತೆ.

ಒಡೆಯುವುದು ಮೆಟ್ಟಿಲನ್ನು. ದೊಡ್ಡ ಸಮ್ಮಟಿಗೆ ಈ ಆಟದಲ್ಲಿ ಅಪರೂಪದ ವಸ್ತು. ಅದು ಕೈಗೆ ಬಂದರೆ ಮನೆಯೊಳಗಿನ ಮೆಟ್ಟಿಲನ್ನು ಪೂರ್ತಿ ಕೆಡವಿ, ಮೇಲಿನ ಅಂತಸ್ತಿನ ಕಿಟಕಿಯಿಂದ ಚಾದರಗಳ ಹಗ್ಗ ಇಳಿಬಿಟ್ಟು, ಅದರಲ್ಲೇ ಹತ್ತಿ ಇಳಿಯಬೇಕು. ಆ ಹಗ್ಗವನ್ನು ಬಿಗಿಯುವುದಕ್ಕೂ ಮೊಳೆಯೇ ಬೇಕು. ಜಾಂಬಿಗಳಿಗೆ ಹಗ್ಗ ಹತ್ತುವುದು ಬಾರದು. ಒಂದು ಹಗ್ಗ ಸಾಲದು. ಮುಂದಿನ ಕಿಟಕಿಗೆ ಗುಂಪು ಬಂದು ನಿಂತರೆ ಹಿಂದಿನ ಕಿಟಕಿಯಿಂದ ಜಾರಿಕೊಳ್ಳಲು ಇನ್ನೊಂದು ಇರಲೇಬೇಕು. ತೀರ್ಥಹಳ್ಳಿ ಕಡೆಯ ನಮ್ಮ ಊರಿನಿಂದ ಬಂದಿದ್ದ ಅಮ್ಮ ನನ್ನ ಹಿಂದೆ ಕುಳಿತು ಅವರೆಕಾಳು ಹಿಸುಕುತ್ತ ಇದೆಲ್ಲವನ್ನೂ ನೋಡುತ್ತಿದ್ದಳು.

“ಇದ್ದ ಮೆಟ್ಲು ಒಡೆದು ಹಗ್ಗ ಹತ್ತದು ಎಂತಕ್ಕೋ?” ಎಂದು ಕೇಳಿದಳು. ವಿವರಿಸಿದೆ. “ಒಬ್ಬನೇ ಇರಕ್ಕೆ ಅಷ್ಟು ದೊಡ್ಡ ಮನೆ ಬೇರೆ,” ಎಂದಳು.

ಆದರೆ ನೀರಿನ ವಿಷಯಕ್ಕೆ ಬಂದಾಗ ಅಮ್ಮ ಕಾಳಿನ ಬಟ್ಟಲನ್ನು ಕೆಳಗಿಟ್ಟು ಮುಂದಕ್ಕೆ ಸರಿದಳು. ಈ ಆಟದಲ್ಲಿ ಮೊದಲ ಒಂದು ತಿಂಗಳೊಳಗೆ ಯಾವುದೋ ದಿನ ನಲ್ಲಿಯ ನೀರು ನಿಲ್ಲುತ್ತದೆ, ಇನ್ಯಾವುದೋ ದಿನ ಕರೆಂಟು ಹೋಗುತ್ತದೆ, ಎರಡೂ ಮರಳಿ ಬರುವುದಿಲ್ಲ. ಆ ದಿನ ಬರುವುದರೊಳಗೆ ಪಾತ್ರೆ, ಬಾಟಲಿ, ಬಕೆಟ್ಟುಗಳನ್ನೆಲ್ಲ ತುಂಬಿಡಬೇಕು. ಆಮೇಲೆ ಹಲಗೆಗೆ ಮೊಳೆ ಹೊಡೆದು, ಒಳಗೆ ನಾಲ್ಕು ಕಸದ ಚೀಲ ಹಾಸಿ ಪೀಪಾಯಿ ಮಾಡಿ, ಮಳೆನೀರು ಹಿಡಿಯಬೇಕು. ಹಾಗೆಯೇ ಕುಡಿದರೆ ಹೊಟ್ಟೆ ಕೆಡುವುದರಿಂದ ಕುದಿಸಬೇಕು. ಪೀಪಾಯಿಯನ್ನು ಮೇಲಿನ ಅಂತಸ್ತಿನಲ್ಲಿ ಸರಿಯಾದ ಜಾಗಕ್ಕೆ ಇಟ್ಟು ಕೆಳಗಿನ ಸಿಂಕಿಗೆ ಪೈಪು ಜೋಡಿಸಿದರೆ ನಲ್ಲಿಯಲ್ಲಿ ಮತ್ತೆ ನೀರು ಬರುತ್ತದೆ. ಊರಿನ ಮನೆಯ ಸೂರಿಗೆ ಅಡಿಕೆ ಮರದ ದಂಬೆ ಕಟ್ಟಿ ಹಂಡೆಗೆ ನೀರು ಬೀಳಿಸುತ್ತಿದ್ದ ಅಮ್ಮನಿಗೆ ಇದು ಆಟವೆಂದೇ ಅನ್ನಿಸಲಿಲ್ಲ. ಪೀಪಾಯಿಗೆ ಮುಚ್ಚಳ ಇಲ್ಲವೇಕೆ, ಸೊಳ್ಳೆ ಕೂರುವುದಿಲ್ಲವೇ ಎಂದು ಆಕ್ಷೇಪಿಸಿದಳು. ಆಟ ಮಾಡಿದವರು ಅಷ್ಟು ದೂರ ಯೋಚಿಸಿದಂತಿಲ್ಲ.

ಕರೆಂಟಿನ ಕತೆ ಇನ್ನೂ ಮಜವಾದದ್ದು. ಜನರೇಟರ್ ಸಿಕ್ಕಿದರೂ, ಅದನ್ನು ನಡೆಸುವ ಬಗೆಯನ್ನು ಹೇಳುವ ಪತ್ರಿಕೆಯೊಂದನ್ನು ಎಲ್ಲಿಂದಲಾದರೂ ಹುಡುಕಿ ತಂದು ಓದುವವರೆಗೆ ಅದು ಬರಿಯ ಕಬ್ಬಿಣ. ಪ್ರಳಯದ ನಡುವೆ ಓದಿಗೆ ಇಷ್ಟು ಮರ್ಯಾದೆ ಕೊಟ್ಟಿರುವ ಆಟ ನನಗೆ ಬೇರೆ ಸಿಕ್ಕಿಲ್ಲ. ಓದಿ ಮುಗಿಸಿದ ಉತ್ಸಾಹದಲ್ಲಿ, ಮಳೆಗೆ ನೆನೆಯದಿರಲೆಂದು ಅದನ್ನು ಮನೆಯೊಳಗೇ ಇಟ್ಟು ಚಾಲೂ ಮಾಡಿ ಮಲಗಿದವರು ಬೆಳಿಗ್ಗೆ ಏಳುವುದಿಲ್ಲ, ಹೊಗೆಯೇ ಕೊಲ್ಲುತ್ತದೆ. ನಾನು ಹಾಗೆ ಒಂದು ಸಲ ಹೋಗಿದ್ದೇನೆ. ಎಲ್ಲ ಬಾಗಿಲುಗಳೂ ಭದ್ರವಾಗಿದ್ದವು.

ಕಾದಾಟದ ಬಗ್ಗೆ ಹೇಳುವುದು ಹೆಚ್ಚಿಲ್ಲ. ಗಿಡ್ಡ ಬೇಲಿಯ ಹಿಂದೆ ನಿಂತರೆ ಜಾಂಬಿಗಳು ಒಂದೊಂದಾಗಿ ದಾಟಲು ಬಂದು ಈಚೆಗೆ ಮುಗ್ಗರಿಸಿ ಬೀಳುತ್ತವೆ, ಏಳುವುದರೊಳಗೆ ತಲೆಗೆ ಬಾರಿಸಬೇಕು. ಆಯುಧಗಳ ಸಾಲಿನಲ್ಲಿ ಲಟ್ಟಣಿಗೆಯೂ ಇದೆ. ಚಿತ್ರದುರ್ಗದ ಕಿಂಡಿಯ ಕತೆಯನ್ನು ನಾಲ್ಕನೆಯ ತರಗತಿಯಲ್ಲೇ ಓದಿದವರಿಗೆ ಈ ಯುದ್ಧತಂತ್ರವನ್ನು ಯಾರೂ ಬಿಡಿಸಿ ಹೇಳಬೇಕಾಗಿಲ್ಲ.

ಇಷ್ಟೆಲ್ಲ ಆದ ಮೇಲೆ, ಎರಡನೆಯ ತಿಂಗಳು ಕಳೆಯುವ ಹೊತ್ತಿಗೆ, ಜಾಂಬಿಗಳ ನೆನಪೇ ಅಪರೂಪವಾಗುತ್ತದೆ. ಬೆಳಿಗ್ಗೆ ಎದ್ದು ಆಲೂಗೆಡ್ಡೆಯ ಮಡಿಗೆ ನೀರು ಹಾಕುವುದು, ಜನರೇಟರಿಗೆ ಪೆಟ್ರೋಲು ತುಂಬುವುದು, ಡಬ್ಬಿಗಳನ್ನು ಕಪಾಟಿನಲ್ಲಿ ಬಗೆಬಗೆಯಾಗಿ ಜೋಡಿಸುವುದು, ಮೊಳೆ ಒಂದು ಕಡೆ, ಸ್ಕ್ರೂ ಒಂದು ಕಡೆ. ನಿಜವಾದ ಮನೆಯಲ್ಲಿ ಫ್ಯೂಸ್ ಎಲ್ಲಿದೆ ಎಂದು ಕೇಳಿದರೆ ಹೆಂಡತಿಯ ಮುಖ ನೋಡುವ ನಾನು, ಅಲ್ಲಿ ಎಷ್ಟು ಮೇಣದಬತ್ತಿಗಳು ಉಳಿದಿವೆಯೆಂದು ನಿದ್ದೆಗಣ್ಣಿನಲ್ಲೂ ಹೇಳಬಲ್ಲೆ. ಅದನ್ನು ಆಕೆ ಒಮ್ಮೆ ಹೇಳಿಯೂ ಇದ್ದಾಳೆ: “ಕೆಂಟಕಿಯಲ್ಲಿ ನೀವು ಎಷ್ಟು ಒಳ್ಳೆಯ ಗಂಡಸು ನೋಡಿ.”

ಅಮ್ಮ ಊರಿಗೆ ಹೊರಡುವ ಹಿಂದಿನ ದಿನ ಅದು ನಡೆಯಿತು. ಆಲೂಗೆಡ್ಡೆಯನ್ನು ಟ್ರೇಗೆ ಹಾಕಿ ಓವನ್ನಿನಲ್ಲಿಟ್ಟು, ಬೇಯುವುದರೊಳಗೆ ನಾಲ್ಕು ದಿಮ್ಮಿ ತಂದುಬಿಡೋಣವೆಂದು ಕಾಡಿನತ್ತ ಹೊರಟಿದ್ದೆ. ಬಾಗಿಲು ದಾಟುತ್ತಿದ್ದಂತೆ ಹಿಂದಿನಿಂದ ಅಮ್ಮ, ನಾನು ಸೈಕಲ್ಲಿನಲ್ಲಿ ಶಾಲೆಗೆ ಹೋಗುತ್ತಿದ್ದ ಕಾಲದ ದನಿಯಲ್ಲಿ, “ಒಲೆ ಆರ್ಸಿದ್ಯೇನೋ?” ಎಂದಳು. ಆಟದೊಳಗಿನ ಒಲೆಯನ್ನು ಕೇಳುತ್ತಿದ್ದಾಳೆಂದು ನನಗೆ ಹೊಳೆಯಲೇ ಇಲ್ಲ. ಹಾಲಿನ ಪಾತ್ರೆಯ ವಿಷಯವೆಂದುಕೊಂಡು ಹ್ಞೂಂ ಎಂದೆ. ಕಾಡಿನಲ್ಲಿ ಮರ ಕಡಿಯುತ್ತ ಕಡಿಯುತ್ತ ಹೊತ್ತು ಹೋಯಿತು. ಈ ಆಟದಲ್ಲಿ ಓವನ್ನಿನೊಳಗೆ ಮರೆತ ಅಡುಗೆ ಮೊದಲು ಸೀಯುತ್ತದೆ, ಆಮೇಲೆ ಹೊತ್ತಿಕೊಳ್ಳುತ್ತದೆ, ಆಮೇಲೆ ಮನೆಯೇ ಹೊತ್ತಿಕೊಳ್ಳುತ್ತದೆ. ಹೆಗಲ ಮೇಲೆ ದಿಮ್ಮಿ ಹೊತ್ತು ಮರಗಳ ನಡುವಿನಿಂದ ಹೊರಬಂದಾಗ ಅಡುಗೆಮನೆ ಇರಲಿಲ್ಲ, ಮೇಲಿನ ಅಂತಸ್ತಿನಲ್ಲಿ ಬೆಂಕಿ ಒಂದು ಕೋಣೆಯಿಂದ ಇನ್ನೊಂದಕ್ಕೆ ಸಾಗುತ್ತಿತ್ತು. ಒಂದು ಜಾಂಬಿಯೂ ಹತ್ತಿರ ಸುಳಿದಿರಲಿಲ್ಲ. ಹತ್ತು ಕಿಟಕಿಗಳ ನಲವತ್ತು ಹಲಗೆಗಳು ಸೌದೆಯಂತೆ ಚೆನ್ನಾಗಿ ಉರಿದವು.

ಬೆನ್ನಿನ ಚೀಲ ತೆರೆದು ನೋಡಿದೆ. ಸುತ್ತಿಗೆ, ಗರಗಸ, ಅರ್ಧ ಬಾಟಲಿ ನೀರು, ಏಳು ಮೊಳೆ.

“ಏಳು ಮೊಳೆಗೆ ಮೂರು ಹಲಗೆ,” ಎಂದೆ ಅಮ್ಮನಿಗೆ, ಲೆಕ್ಕ ಒಪ್ಪಿಸುವವನಂತೆ. “ಒಂದು ಮೊಳೆ ಉಳಿಯತ್ತೆ.”

ಅಮ್ಮ ಫ್ರಿಜ್ಜಿನ ಕಡೆ ನೋಡಿದಳು. “ಅದ್ರಲ್ಲಿ ಆ ಕ್ಯಾಲೆಂಡರ್ ನೇತ್ಹಾಕು,” ಎಂದಳು.