ಪೊಲೀಸರ ಮಾತು ಆಮೇಲೆ, ಮೊದ್ಲು ಫೈರ್ ವಿಷ್ಯ ಕೇಳಿ

ಪೊಲೀಸು, ಫೈರು ಅಂದ್ರೆ ಅಗ್ನಿಶಾಮಕ, ಎರಡರ ಮೇಲೂ ನಗರ ಪಾಲಿಕೆಗೆ ಹಿಡಿತ ಇರ್ಬೇಕು ಅಂತ ಲೇಖನದಲ್ಲಿ ಬರ್ದಿದೀರ, ಸರಿ ಸಾರ್, ಆದ್ರೆ ಎರಡನ್ನೂ ಒಂದೇ ತಕ್ಕಡೀಲಿ ಹಾಕ್ಬಿಟ್ರಿ. ಪೊಲೀಸ್ ಅನ್ನೋದು ಸಂವಿಧಾನದ ರಾಜ್ಯ ಪಟ್ಟಿಲಿರೋ, ಅಂದ್ರೆ ರಾಜ್ಯ ಸರ್ಕಾರದ ಕೈಲಿರೋ ವಿಷ್ಯ, ನಮ್ ತುಮಕೂರಲ್ಲಿ ಎಸ್ಪಿ ಸಾಹೇಬ್ರು ಮೇಯರ್‌ಗೆ ಉತ್ತರ ಕೊಡ್ಬೇಕು ಅಂತೇನಿಲ್ಲ. ಅಗ್ನಿಶಾಮಕದ ಕಥೆ ಬೇರೆ. ಸಂವಿಧಾನಕ್ಕೆ 1992ರ 74ನೇ ತಿದ್ದುಪಡಿ ಜೊತೆ ಬಂದ 12ನೇ ಶೆಡ್ಯೂಲ್‌ನಲ್ಲಿ (ಅನುಸೂಚಿ) ಪಾಲಿಕೆ, ಪುರಸಭೆಗಳಿಗೆ ವಹಿಸಬಹುದಾದ 18 ಕೆಲ್ಸ ಇವೆ, ಅದ್ರಲ್ಲಿ ಫೈರ್ ಸರ್ವೀಸೂ ಒಂದು, ಅಂದ್ರೆ ರಾಜ್ಯ ಮನಸ್ಸು ಮಾಡಿದ್ರೆ ಪಾಲಿಕೆಗೆ ಕೊಡಬಹುದು, ಮುಂಬೈಲಿ ಫೈರ್ ಬ್ರಿಗೇಡ್ ಪಾಲಿಕೆ ಕೈಲೇ ಇದೆ, ನಮ್ಮಲ್ಲಿ ಇನ್ನೂ ರಾಜ್ಯದ ಇಲಾಖೆನೇ ನಡೆಸ್ತಿದೆ.

ಹಂಗಂತ ನಾಳೆನೇ ಕೊಟ್ಬಿಡಿ ಅಂತ ನಾನೇನೂ ಹೇಳಲ್ಲ, ಚರಂಡಿ ಹೂಳು ಎತ್ತಿಸೋಕೇ ಒದ್ದಾಡೋರ ಕೈಗೆ ಫೈರ್ ಇಂಜಿನ್ ಕೊಟ್ರೆ ಡೀಸೆಲ್ ಹಾಕ್ಸೋರು ಯಾರು! ಮೊದ್ಲು ಇರೋ ಅಧಿಕಾರ ಬಳಸ್ಲಿ ನೋಡಣ. ನಮ್ ತುಮಕೂರಿನ ಮಂಡಿಪೇಟೆಲಿ ಲಾರಿ ನಿಂತು ಲೋಡ್ ಇಳ್ಸೋವಾಗ ಬೈಕ್ ನುಗ್ಸೋದೇ ಕಷ್ಟ, ಬೆಂಕಿ ಬಿದ್ರೆ ಅಷ್ಟು ದೊಡ್ಡ ಗಾಡಿ ಹೆಂಗೆ ಒಳಗ್ ಬರತ್ತೆ? ಅಂಗಡಿಗೆ ಟ್ರೇಡ್ ಲೈಸೆನ್ಸ್ ಕೊಡೋದು, ಫುಟ್‌ಪಾತ್ ಒತ್ತುವರಿ ತೆಗ್ಸೋದು, ಬೀದಿದೀಪ ಎಲ್ಲಾ ಪಾಲಿಕೆದೇ ತಾನೆ. ಪ್ಲಾನಲ್ಲಿ ಬೇಸ್‌ಮೆಂಟ್ ಪಾರ್ಕಿಂಗ್ ಅಂತ ತೋರ್ಸಿ ಆಮೇಲೆ ಗೋಡೌನ್ ಮಾಡ್ಕೊಂಡಿದ್ರೆ ಅದನ್ನ ಹಿಡಿಯಕ್ಕೆ ಪೊಲೀಸೂ ಬೇಡ ಫೈರ್‌ನೋರೂ ಬೇಡ, ಪಾಲಿಕೆ ಇಂಜಿನಿಯರ್ ಒಂದ್ಸಲ ಮೆಟ್ಲು ಇಳಿದು ನೋಡಿದ್ರೆ ಸಾಕು. ಇನ್ನು ಮುಂದೆ ವಾರ್ಡ್ ಸಭೆ ಕರೆದ್ರೆ ಠಾಣೆ ಇನ್ಸ್‌ಪೆಕ್ಟರ್ರನ್ನೂ ಫೈರ್ ಸ್ಟೇಷನ್ ಆಫೀಸರ್ರನ್ನೂ ಕರ್ಸಿ ಕೂರ್ಸಿ, ಅದಕ್ಕೆ ಯಾವ ತಿದ್ದುಪಡಿನೂ ಬೇಕಾಗಿಲ್ಲ.